ಅರಕಾನ್ ಕೆಸರಿನಲ್ಲಿ ಸಿಕ್ಕ ಉತ್ತರ

ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯ ರಸ್ತೆ ಎಂಬ ಅಧಿಕೃತ ಹೆಸರಿರುವುದು ನಗರದ ಬಹುಪಾಲು ಜನರಿಗೆ ತಿಳಿಯದು. ತಿಳಿದವರಿಗೂ ಆ ಹೆಸರಿನೊಂದಿಗೆ ನೆನಪಾಗುವುದು ಒಂದೇ ಸಂಗತಿ. 1959ರಲ್ಲಿ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ಭೂಸೇನೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟದ್ದು, ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಅದನ್ನು ಹಿಂತೆಗೆದುಕೊಂಡದ್ದು. ಮೂರೂವರೆ ದಶಕಗಳ ಸೈನಿಕ ಜೀವನವೊಂದು ನಮ್ಮ ಸ್ಮೃತಿಯಲ್ಲಿ ಕೆಲವೇ ದಿನಗಳ ರಾಜಕೀಯ ಪ್ರಸಂಗವಾಗಿ ಕುಗ್ಗಿಹೋಗಿದೆ. ನನ್ನ ದೃಷ್ಟಿಯಲ್ಲಿ ಆ ಜೀವನದ ನಡುಗಂಬ ಇರುವುದು ದೆಹಲಿಯ ಸೌತ್ ಬ್ಲಾಕ್‌ನಲ್ಲಿ ಅಲ್ಲ. ಬರ್ಮಾದ ಅರಕಾನ್ ಕರಾವಳಿಯ ಮ್ಯಾಂಗ್ರೋವ್ ಕೆಸರಿನಲ್ಲಿ, 1945ರ ಜನವರಿ ತಿಂಗಳಿನಲ್ಲಿ. ಸ್ವತಂತ್ರವಾಗಲು ಹೊರಟಿದ್ದ ದೇಶಕ್ಕೆ ತನ್ನದೇ ಸೇನಾನಾಯಕರಿದ್ದಾರೆಯೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ಉತ್ತರ ಕೊಟ್ಟ ಸೇನಾ ಡಿವಿಷನ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಜನಿಸಿದ್ದು 1906ರ ಮಾರ್ಚ್ ತಿಂಗಳಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಕುಟುಂಬ. ಮನೆಗೆ ಸನ್ನಿ ಸೈಡ್ ಎಂಬ ಹೆಸರು. ಕೂನೂರಿನ ಸೇಂಟ್ ಜೋಸೆಫ್ಸ್‌ನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದು. 1922ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ಪ್ರಿನ್ಸ್ ಆಫ್ ವೇಲ್ಸ್ ಸೈನಿಕ ಕಾಲೇಜಿನ ಮೊದಮೊದಲ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರ ಫೆಬ್ರವರಿಯಲ್ಲಿ ಅಧಿಕಾರಿಯ ಪದವಿ ದೊರೆಯಿತು. ವಾಡಿಕೆಯಂತೆ ಮೊದಲ ವರ್ಷ ಬ್ರಿಟಿಷ್ ಪಡೆಯೊಂದರೊಡನೆ ಕಳೆಯಬೇಕಿತ್ತು. ಅವರ ಪಾಲಿಗೆ ಬಂದದ್ದು ಆಗ ಬೆಂಗಳೂರು ದಂಡಿನಲ್ಲಿದ್ದ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ.

ಇಲ್ಲಿ ಒಂದು ಲೆಕ್ಕವನ್ನು ಓದುಗರ ಮುಂದಿಡಬೇಕು. ಅರ್ಥಶಾಸ್ತ್ರ ಓದಿ ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದ ನನಗೆ ಇಂಥ ಲೆಕ್ಕಗಳಲ್ಲಿ ಆಳುವವರ ಮನಸ್ಸು ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಮಹಾಯುದ್ಧದಲ್ಲಿ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಮುದ್ರ ದಾಟಿ ಸೇವೆ ಸಲ್ಲಿಸಿದ ಮೇಲೆ, ಭಾರತೀಯರಿಗೂ ಪೂರ್ಣ ಪ್ರಮಾಣದ ಅಧಿಕಾರಿ ಪದವಿ ಕೊಡುತ್ತೇವೆಂದು ಸಾಮ್ರಾಜ್ಯ ಒಪ್ಪಿತು. ಒಪ್ಪಿ ಕೊಟ್ಟದ್ದು ಸ್ಯಾಂಡ್‌ಹರ್ಸ್ಟ್‌ನಲ್ಲಿ ವರ್ಷಕ್ಕೆ 10 ಸ್ಥಾನ. ಸಾವಿರಾರು ಅಧಿಕಾರಿಗಳ ಸೈನ್ಯವನ್ನು ಈ ವೇಗದಲ್ಲಿ ಭಾರತೀಕರಣಗೊಳಿಸಲು ಎಷ್ಟು ತಲೆಮಾರು ಬೇಕೆಂದು ಓದುಗರೇ ಗುಣಿಸಿ ನೋಡಬಹುದು. 1923ರಲ್ಲಿ ಮತ್ತೊಂದು ಉಪಾಯ ಹೂಡಲಾಯಿತು: ಇಡೀ ಸೈನ್ಯದಲ್ಲಿ ಎಂಟು ಪಡೆಗಳನ್ನು ಮಾತ್ರ ಆರಿಸಿ, ಭಾರತೀಯ ಅಧಿಕಾರಿಗಳನ್ನೆಲ್ಲ ಅವುಗಳಿಗೇ ಕಳಿಸುವುದು. ಮೇಲ್ನೋಟಕ್ಕೆ ಇದು ಪ್ರಯೋಗ. ಬಿಳಿಯ ಅಧಿಕಾರಿಯೊಬ್ಬ ಭಾರತೀಯನ ಕೈಕೆಳಗೆ ಕೆಲಸ ಮಾಡುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಅದರ ಒಳ ಉದ್ದೇಶ. ಆ ಎಂಟರಲ್ಲಿ ಒಂದು 19ನೆಯ ಹೈದರಾಬಾದ್ ರೆಜಿಮೆಂಟಿನ 4ನೆಯ ಬೆಟಾಲಿಯನ್. ತಿಮ್ಮಯ್ಯ ಸೇರಿದ್ದು ಅದನ್ನೇ, ಅದು ಇರಾಕಿನ ಬಾಗ್ದಾದಿನಲ್ಲಿ ಬೀಡುಬಿಟ್ಟಿದ್ದಾಗ. (ಹೆಸರು ಹೈದರಾಬಾದ್ ಆದರೂ ಸೈನಿಕರು ಬಹುಮಟ್ಟಿಗೆ ಉತ್ತರದವರು, ಕುಮಾವೂನಿಗಳು, ಜಾಟರು, ಅಹೀರರು. 1945ರ ಅಕ್ಟೋಬರಿನಲ್ಲಿ ಅದರ ಹೆಸರು ಕುಮಾವೂನ್ ರೆಜಿಮೆಂಟ್ ಎಂದು ಬದಲಾಯಿತು.)

ಬೆಟಾಲಿಯನ್ ಮುಂದೆ ಅಲಹಾಬಾದಿಗೆ ಬಂದಾಗ ತಿಮ್ಮಯ್ಯನವರಿಗೆ ನೆಹರೂ ಕುಟುಂಬದ ಪರಿಚಯವಾಯಿತು. ಹೊರಗೆ ಸ್ವಾತಂತ್ರ್ಯ ಹೋರಾಟ ಕಾವೇರುತ್ತಿರುವಾಗ ತಾನು ರಾಜನ ಸಮವಸ್ತ್ರ ತೊಟ್ಟಿರುವುದು ಸರಿಯೇ ಎಂಬ ಸಂದಿಗ್ಧ ಅವರನ್ನು ಕಾಡಿತು. ಕೆಲಸ ಬಿಡುವ ಯೋಚನೆಯನ್ನು ಅವರು ಮೋತಿಲಾಲ್ ನೆಹರೂ ಅವರ ಮುಂದಿಟ್ಟಾಗ, ಮೋತಿಲಾಲರು ಬೇಡವೆಂದು ಬುದ್ಧಿ ಹೇಳಿದರು. ಸ್ವಾತಂತ್ರ್ಯ ಬಂದೇ ಬರುತ್ತದೆ, ಅಂದು ತರಬೇತಾದ ಸೈನ್ಯಾಧಿಕಾರಿಗಳಿಲ್ಲದೆ ಆ ಸ್ವಾತಂತ್ರ್ಯ ನಿಲ್ಲದು ಎಂಬುದು ಅವರ ವಾದವಾಗಿತ್ತು. ಸೇನೆಯ ಭಾರತೀಕರಣದ ಬಗ್ಗೆ ನೇಮಕವಾಗಿದ್ದ ಸ್ಕೀನ್ ಸಮಿತಿಯಲ್ಲಿ ಕೆಲಕಾಲ ಸದಸ್ಯರಾಗಿದ್ದ ಮೋತಿಲಾಲರಿಗೆ ಈ ಕೊರತೆಯ ಆಳ ಚೆನ್ನಾಗಿ ತಿಳಿದಿತ್ತು. ಜೈಲಿಗೆ ಹೋಗುವುದು ಆ ಕಾಲದಲ್ಲಿ ಗೌರವದ ದಾರಿ. ಸಮವಸ್ತ್ರದಲ್ಲಿ ಉಳಿಯುವುದು ಅನುಮಾನಕ್ಕೆ ಗುರಿಯಾಗುವ ದಾರಿ. ತಿಮ್ಮಯ್ಯ ಎರಡನೆಯದನ್ನು ಆರಿಸಿಕೊಂಡರು. ಆ ಆಯ್ಕೆ ಸರಿಯಾಗಿತ್ತೇ ಎಂಬುದಕ್ಕೆ ಅವರಿಗೆ ಸಾಕ್ಷ್ಯ ಸಿಗಲು ಹದಿನೈದು ವರ್ಷ ಬೇಕಾಯಿತು.

1935ರ ಜನವರಿಯಲ್ಲಿ ನೀನಾ ಕಾರ್ಯಪ್ಪ ಅವರೊಡನೆ ವಿವಾಹ. ಅದೇ ವರ್ಷ ಮೇ 31ರ ನಸುಕಿನಲ್ಲಿ ಕ್ವೆಟ್ಟಾ ನಗರವನ್ನು ಭೂಕಂಪ ನೆಲಸಮ ಮಾಡಿದಾಗ ದಂಪತಿ ಅಲ್ಲಿದ್ದರು. ಪರಿಹಾರ ಕಾರ್ಯದಲ್ಲಿ ದುಡಿದ ನೀನಾ ಅವರಿಗೆ ಕೈಸರ್-ಇ-ಹಿಂದ್ ಪದಕ ಸಂದಿತು. ಬಳಿಕ ತಿಮ್ಮಯ್ಯ ಮದ್ರಾಸಿನಲ್ಲಿ ವಿಶ್ವವಿದ್ಯಾಲಯದ ಸೈನಿಕ ತರಬೇತಿ ದಳದ ಅಡ್ಜುಟಂಟ್ ಆಗಿದ್ದರು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಬೆಟಾಲಿಯನ್ ಸಿಂಗಪುರದಲ್ಲಿತ್ತು. ಒಂದೇ ಪಡೆಯ ಭಾರತೀಯ ಹಾಗೂ ಬ್ರಿಟಿಷ್ ಅಧಿಕಾರಿಗಳ ನಡುವೆ ಅಲ್ಲಿ ಸರಿಯಿರಲಿಲ್ಲ. 1940ರಲ್ಲಿ ಭಾರತೀಯ ಅಧಿಕಾರಿಯೊಬ್ಬರನ್ನು ದೇಶಕ್ಕೆ ಹಿಂದಿರುಗುವಂತೆ ಆಜ್ಞಾಪಿಸಿದ್ದೇ ನೆಪವಾಗಿ ಅಹೀರ್ ಸೈನಿಕರ ತುಕಡಿ ಬಹಿರಂಗವಾಗಿ ಪ್ರತಿಭಟಿಸಿತು. ತಿಮ್ಮಯ್ಯ 1941ರಲ್ಲಿ ವರ್ಗಾವಣೆ ಪಡೆದು ಭಾರತಕ್ಕೆ ಮರಳಿದರು. ಕೆಲವೇ ತಿಂಗಳಲ್ಲಿ, 1942ರ ಜನವರಿ 7ರಂದು, ಮಲಯಾದ ಸ್ಲಿಮ್ ನದಿಯ ಬಳಿ ಜಪಾನಿ ಟ್ಯಾಂಕುಗಳು ಅದೇ ಬೆಟಾಲಿಯನ್ನನ್ನು ನುಗ್ಗಿ ಚೆದುರಿಸಿದವು. ಫೆಬ್ರವರಿ 15ಕ್ಕೆ ಸಿಂಗಪುರ ಶರಣಾಯಿತು. ಸೆರೆಯಾದವರಲ್ಲಿ ಒಬ್ಬರು ತಿಮ್ಮಯ್ಯನವರ ಅಣ್ಣ ಪೊನ್ನಪ್ಪ. ಅವರು ಆಜಾದ್ ಹಿಂದ್ ಫೌಜ್ ಸೇರಿದರು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು ಒಂದೇ ದೇಶದ ಬಿಡುಗಡೆಗೆ ಎರಡು ಎದುರುಬದುರು ಸೈನ್ಯಗಳಲ್ಲಿ ನಿಂತರು. ಯಾರು ದೇಶಭಕ್ತರು ಎಂದು ತೀರ್ಪು ಕೊಡುವ ಉತ್ಸಾಹ ಈಚೆಗೆ ಹೆಚ್ಚಾಗಿರುವುದರಿಂದ ಈ ಮನೆಯನ್ನು ನೆನೆಯಬೇಕೆನಿಸುತ್ತದೆ.

ಈಗ ಬೆಂಗಳೂರಿಗೆ ಬರೋಣ. 1942ರ ಏಪ್ರಿಲ್‌ನಲ್ಲಿ ಜಪಾನಿನ ನೌಕಾಪಡೆ ಬಂಗಾಳ ಕೊಲ್ಲಿಯಲ್ಲಿ ಯಾರ ಅಡ್ಡಿಯೂ ಇಲ್ಲದೆ ಸಂಚರಿಸಿತು. ಕೊಲಂಬೊ ಮೇಲೆ ಬಾಂಬ್ ಬಿತ್ತು. ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಿತ್ತು. ಮದ್ರಾಸಿನ ಕರಾವಳಿಯಲ್ಲಿ ಶತ್ರು ಇಳಿಯಬಹುದೆಂಬ ಭಯದಿಂದ ಜನ ಊರು ಬಿಟ್ಟು ಹೊರಟರು. ಕರಾವಳಿಯಿಂದ ಒಳಗಿರುವ, ಎತ್ತರದ, ರೈಲು ಸಂಪರ್ಕವುಳ್ಳ ಬೆಂಗಳೂರು ಆಗ ದಕ್ಷಿಣದ ಯುದ್ಧನೆಲೆಯಾಯಿತು. ನಾನು ನಿವೃತ್ತಿಯ ಬಳಿಕ ನೆಲೆಸಿರುವ ಹೂಡಿ ಆಗ ರಾಗಿ ಹೊಲಗಳ ನಡುವಿನ ಹಳ್ಳಿ, ಪಕ್ಕದಲ್ಲಿ ಜೋಲಾರ್‌ಪೇಟೆಯ ಮೂಲಕ ಮದ್ರಾಸಿಗೆ ಹೋಗುವ ರೈಲುಹಳಿ. ಕೆಲವೇ ಕಿಲೋಮೀಟರ್ ದೂರದಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. 1943ರಲ್ಲಿ ಅದು ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. ಬರ್ಮಾ ಮತ್ತು ಚೀನಾ ರಂಗದಲ್ಲಿ ಜರ್ಜರಿತವಾದ ವಿಮಾನಗಳು ಇಲ್ಲಿಗೆ ಬಂದು ದುರಸ್ತಿಯಾಗಿ ಮರಳುತ್ತಿದ್ದವು. ವೈಟ್‌ಫೀಲ್ಡ್ ಕಡೆಯ ಈ ಪಟ್ಟಿಯನ್ನು ಜಗತ್ತಿನೊಂದಿಗೆ ಬೆಸೆದದ್ದು ಸಾಫ್ಟ್‌ವೇರ್ ಎಂದು ನಂಬಿರುವ ನನ್ನ ನೆರೆಯ ತರುಣರಿಗೆ ಈ ಸಂಗತಿ ಹೇಳಿದಾಗ ಅವರು ಸೌಜನ್ಯಕ್ಕಾಗಿ ಆಶ್ಚರ್ಯಪಡುತ್ತಾರೆ.

1942ರ ಆಗಸ್ಟ್ 1ರಂದು ಬೆಂಗಳೂರಿನಲ್ಲಿ 25ನೆಯ ಇಂಡಿಯನ್ ಡಿವಿಷನ್ ಸ್ಥಾಪನೆಯಾಯಿತು. ಮೇಜರ್ ಜನರಲ್ ಎಚ್.ಎಲ್. ಡೇವಿಸ್ ಅದರ ಮೊದಲ ದಳಪತಿ. ಇಸ್ಪೀಟಿನ ಕಪ್ಪು ಎಕ್ಕ ಅದರ ಲಾಂಛನ. ಜಪಾನಿಯರು ದಕ್ಷಿಣಕ್ಕೆ ಇಳಿದರೆ ತಡೆಯಬೇಕಾದ ಪಡೆ ಅದು. ಅವರು ಇಳಿಯಲಿಲ್ಲ. ಕಾಯುತ್ತ ಕುಳಿತ ಡಿವಿಷನ್ನಿಗೆ ಕಾಡಿನ ಯುದ್ಧದ ತರಬೇತಿ ಕೊಟ್ಟು, 1944ರ ಆರಂಭದಲ್ಲಿ ಅರಕಾನಿಗೆ ಕಳಿಸಲಾಯಿತು. ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ಕಲಿತು ಬಂದಿದ್ದ ತಿಮ್ಮಯ್ಯ ಆ ಡಿವಿಷನ್ನಿನ ಕಾರ್ಯಾಚರಣೆ ವಿಭಾಗದ ಅಧಿಕಾರಿಯಾಗಿದ್ದರು. ಅದೇ ವರ್ಷ ಅವರಿಗೆ 19ನೆಯ ಹೈದರಾಬಾದ್ ರೆಜಿಮೆಂಟಿನ 8ನೆಯ ಬೆಟಾಲಿಯನ್ನಿನ ನಾಯಕತ್ವ ಸಿಕ್ಕಿತು.

ಡಿವಿಷನ್ನಿನ 51ನೆಯ ಬ್ರಿಗೇಡ್ ಒಂದು ವಿಶೇಷ ರಚನೆ. ಅಂದಿನ ಪದ್ಧತಿಯಂತೆ ಭಾರತೀಯ ಬ್ರಿಗೇಡೊಂದರಲ್ಲಿ ಸಾಮಾನ್ಯವಾಗಿ ಒಂದು ಬ್ರಿಟಿಷ್ ಬೆಟಾಲಿಯನ್ ಇರಬೇಕು. ಇದರಲ್ಲಿ ಇರಲಿಲ್ಲ. ಮೂರೂ ಭಾರತೀಯ ಬೆಟಾಲಿಯನ್ನುಗಳು, ಮೂರಕ್ಕೂ ಭಾರತೀಯರೇ ನಾಯಕರು: ಹೈದರಾಬಾದಿಗೆ ತಿಮ್ಮಯ್ಯ, 2ನೆಯ ಪಂಜಾಬಿಗೆ ಎಸ್.ಪಿ.ಪಿ. ಥೋರಟ್, 10ನೆಯ ಬಲೂಚಿಗೆ ಎಲ್.ಪಿ. ಸೇನ್. ಬ್ರಿಗೇಡಿಯರ್ ಮಾತ್ರ ಬ್ರಿಟಿಷರು, ಹಟನ್ ಎಂಬುವರು. ಕೊಡವ, ಮರಾಠ, ಬಂಗಾಳಿ. ಮೂವರ ಕೈಕೆಳಗಿನ ಸೈನಿಕರು ಬೇರೆ ಬೇರೆ ಪ್ರಾಂತಗಳ ಹಿಂದೂ, ಮುಸ್ಲಿಂ, ಸಿಖ್ಖರು. ಭಾರತೀಯ ಅಧಿಕಾರಿ ತನ್ನ ಜಾತಿಯವರನ್ನಷ್ಟೇ ಮುನ್ನಡೆಸಬಲ್ಲ, ಬೇರೆಯವರು ಅವನ ಮಾತು ಕೇಳುವುದಿಲ್ಲ ಎಂಬುದು ಬ್ರಿಟಿಷ್ ಅಧಿಕಾರಿ ವರ್ಗದಲ್ಲಿ ಬೇರೂರಿದ್ದ ವಾದ. ಆ ವಾದ ಸುಳ್ಳಾಗಬೇಕಿದ್ದರೆ ಈ ಬ್ರಿಗೇಡ್ ಗೆಲ್ಲಬೇಕಿತ್ತು. ಸೋತಿದ್ದರೆ ಅದು ಮೂರು ಬೆಟಾಲಿಯನ್ನುಗಳ ಸೋಲಾಗಿ ಉಳಿಯುತ್ತಿರಲಿಲ್ಲ.

ಅರಕಾನಿನ ಭೂಗೋಳವನ್ನು ತುಸು ವಿವರಿಸಬೇಕು. ಚಿತ್ತಗಾಂಗ್‌ನಿಂದ ದಕ್ಷಿಣಕ್ಕೆ ಬಂಗಾಳ ಕೊಲ್ಲಿಯ ಪೂರ್ವ ದಂಡೆಯುದ್ದಕ್ಕೂ ಚಾಚಿದ ಕಿರಿದಾದ ಕರಾವಳಿ ಅದು. ಹಿಂದೆ ಯೋಮಾ ಬೆಟ್ಟಸಾಲು, ಮುಂದೆ ಅಕ್ಯಾಬ್, ರಾಮ್ರಿ, ಚೆದುಬಾ ದ್ವೀಪಗಳು, ನಡುವೆ ಚಾಂಗ್ ಎಂದು ಕರೆಯುವ ನೂರಾರು ಉಪ್ಪುನೀರಿನ ಕವಲುಗಳು. ಎರಡೂ ದಡದಲ್ಲಿ ಮ್ಯಾಂಗ್ರೋವ್ ಕಾಡು, ಮೊಣಕಾಲುದ್ದದ ಕೆಸರು. ದಿನಕ್ಕೆರಡು ಬಾರಿ ಏರಿ ಇಳಿಯುವ ಉಬ್ಬರವೇ ಅಲ್ಲಿನ ಗಡಿಯಾರ. 1942-43ರಲ್ಲಿ ಇಲ್ಲಿ ನೆಲದ ದಾರಿಯಲ್ಲಿ ಮುನ್ನುಗ್ಗಲು ಹೋದ ಬ್ರಿಟಿಷ್ ಭಾರತೀಯ ಸೈನ್ಯ ಡೊನ್‌ಬೈಕ್‌ನ ಬಂಕರುಗಳಿಗೆ ಮತ್ತೆ ಮತ್ತೆ ತಲೆ ಚಚ್ಚಿಕೊಂಡು ಹಿಂದೆಗೆದಿತ್ತು. ಇದೇ ವೇಳೆ ಬಂಗಾಳದ ಕರಾವಳಿಯಲ್ಲಿ ಶತ್ರುವಿಗೆ ಸಿಗಬಾರದೆಂದು ಸರ್ಕಾರ ದೋಣಿಗಳನ್ನು ಕಿತ್ತುಕೊಂಡಿತು, ಹೆಚ್ಚುವರಿ ಅಕ್ಕಿಯನ್ನು ಸಾಗಿಸಿತು. ಬರ್ಮಾದ ಅಕ್ಕಿ ನಿಂತುಹೋಯಿತು, ಯುದ್ಧದ ನೋಟುಗಳಿಂದ ಬೆಲೆ ಗಗನಕ್ಕೇರಿತು. 1943ರ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ಸುಮಾರು 30 ಲಕ್ಷವೆಂದು ಅಂದಾಜಿಸುತ್ತಾರೆ. ಅರಕಾನಿನ ಯುದ್ಧ ನಡೆದದ್ದು ಈ ಸಾವುಗಳ ನೆರೆಯಲ್ಲಿ. ಭಾರತದ ಖಾತೆಯಲ್ಲಿ ಯುದ್ಧದ ಕೊನೆಗೆ ಲಂಡನ್ನಿನಲ್ಲಿ 130 ಕೋಟಿ ಪೌಂಡಿನಷ್ಟು ಬಾಕಿ ಜಮೆಯಾಗಿತ್ತು. ಅದನ್ನು ನಮ್ಮ ಪಠ್ಯಪುಸ್ತಕಗಳು ಉಳಿತಾಯವೆಂಬಂತೆ ಬರೆಯುತ್ತವೆ. ಹಸಿದ ಜನರಿಂದ ಬಲವಂತವಾಗಿ ಪಡೆದ ಸಾಲವನ್ನು ಉಳಿತಾಯ ಎನ್ನುವುದು ಸರಿಯಲ್ಲ.

ಇರಲಿ. 1944ರ ಕೊನೆಗೆ ಯುದ್ಧದ ಗತಿ ತಿರುಗಿತ್ತು. ಇಂಫಾಲ, ಕೊಹಿಮಾಗಳಲ್ಲಿ ಸೋತ ಜಪಾನಿಯರನ್ನು ಅಟ್ಟುತ್ತ ಸ್ಲಿಮ್ ಅವರ 14ನೆಯ ಸೈನ್ಯ ನಡು ಬರ್ಮಾಕ್ಕೆ ಇಳಿಯುತ್ತಿತ್ತು. ಅದಕ್ಕೆ ಅನ್ನ, ಗುಂಡು, ಪೆಟ್ರೋಲು ಸಾಗಬೇಕಾದದ್ದು ಡಕೋಟಾ ವಿಮಾನಗಳಲ್ಲಿ. ಈ ವಿಮಾನಗಳು ಮಿತವ್ಯಯದಲ್ಲಿ ಸಾಮಾನು ಹೊತ್ತೊಯ್ಯಬಲ್ಲ ದೂರ ಸುಮಾರು 250 ಮೈಲಿ. ಅದಕ್ಕಿಂತ ಮುಂದೆ ಹೋದರೆ ಸಾಮಾನಿನ ಬದಲು ಇಂಧನವನ್ನೇ ಹೊರಬೇಕು. ರಂಗೂನಿನವರೆಗೆ ಸೈನ್ಯ ಸಾಗಬೇಕಾದರೆ ಅಕ್ಯಾಬ್ ಮತ್ತು ರಾಮ್ರಿ ದ್ವೀಪಗಳ ವಿಮಾನ ನೆಲೆಗಳು ಬೇಕೇ ಬೇಕು. ದ್ವೀಪ ಯುದ್ಧದ ಹಿಂದಿದ್ದದ್ದು ಈ ಸಾಗಣೆ ವೆಚ್ಚದ ಲೆಕ್ಕಾಚಾರ. ಕ್ರಿಸ್ಟಿಸನ್ ಅವರ 15ನೆಯ ಕೋರ್ ಈ ಬಾರಿ ನೆಲದ ದಾರಿಯನ್ನಷ್ಟೇ ನಂಬದೆ ಸಮುದ್ರದ ದಾರಿ ಹಿಡಿಯಿತು. 25ನೆಯ ಡಿವಿಷನ್ ಮಾಯು ಪರ್ಯಾಯ ದ್ವೀಪದ ತುದಿಯನ್ನು ಡಿಸೆಂಬರ್ ಅಂತ್ಯದಲ್ಲಿ ತಲುಪಿತು. ಜನವರಿ 3ರಂದು ಅಕ್ಯಾಬ್‌ನಲ್ಲಿ ಇಳಿದಾಗ ಶತ್ರು ಆಗಲೇ ಜಾಗ ಖಾಲಿ ಮಾಡಿದ್ದ. 12ರಂದು ಮಿಯೆಬೊನ್. 21ರಂದು 26ನೆಯ ಇಂಡಿಯನ್ ಡಿವಿಷನ್ ರಾಮ್ರಿ ದ್ವೀಪದಲ್ಲಿ ಇಳಿಯಿತು. ಈ ಕಾರ್ಯಾಚರಣೆಗಳಲ್ಲಿ ನಮ್ಮ ನೌಕಾಪಡೆಯ ನರ್ಮದಾ, ಯಮುನಾ ನದಿಗಳ ಹೆಸರಿನ ಹಡಗುಗಳಿದ್ದವು. ಆಸ್ಟ್ರೇಲಿಯದ ನೇಪಿಯರ್ ಮೊದಲಾದ ಯುದ್ಧನೌಕೆಗಳೂ ಇದ್ದವು.

ಜನವರಿ 22ರಂದು ಕಾಂಗಾವ್. ಕರಾವಳಿಯ ಏಕೈಕ ರಸ್ತೆ ಈ ಹಳ್ಳಿಯ ಬಳಿ ಹಾದುಹೋಗುತ್ತದೆ; ದಕ್ಷಿಣಕ್ಕೆ ಹಿಂದೆಗೆಯುತ್ತಿದ್ದ ಜಪಾನಿ 54ನೆಯ ಡಿವಿಷನ್ನಿನ ಪಡೆಗಳಿಗೆ ಅದೇ ಜೀವನಾಡಿ. ಅದನ್ನು ಕತ್ತರಿಸಲು ಬ್ರಿಟಿಷ್ ಕಮಾಂಡೊಗಳು ಡೈಂಗ್‌ಬೊನ್ ಚಾಂಗ್‌ನ ಸುತ್ತುಬಳಸಿನ ನೀರುದಾರಿಯಲ್ಲಿ ಮೈಲುಗಟ್ಟಲೆ ಸಾಗಿ, ಜಪಾನಿಯರು ನಿರೀಕ್ಷಿಸದ ದಿಕ್ಕಿನಿಂದ ಇಳಿದು 170ನೆಯ ಗುಡ್ಡವನ್ನು ಹಿಡಿದರು. ಅವರ ಬೆನ್ನಿಗೆ ಬಂದದ್ದು 51ನೆಯ ಬ್ರಿಗೇಡ್. ಸುತ್ತ ಗದ್ದೆ, ಕೆಸರು. ಇಳಿದಾಣದ ಮೇಲೆ ಜಪಾನಿ ಫಿರಂಗಿಗಳ ಎಡೆಬಿಡದ ಮಳೆ. ರಸ್ತೆಯನ್ನು ಆಳುವ ಪೂರ್ವದ ಗುಡ್ಡಗಳು ಶತ್ರುವಿನ ಕೈಯಲ್ಲಿದ್ದವು. ಭೂಪಟದಲ್ಲಿ ಅವುಗಳಿಗೆ ಪರ್ತ್, ಮೆಲ್ರೋಸ್ ಎಂದು ಸ್ಕಾಟ್ಲೆಂಡಿನ ಊರುಗಳ ಹೆಸರು! ಜನವರಿಯ ಕೊನೆಯ ದಿನಗಳಲ್ಲಿ ಭಾರತೀಯ ಬೆಟಾಲಿಯನ್ನುಗಳು ಈ ಗುಡ್ಡಗಳಿಗೆ ದಾಳಿಯಿಟ್ಟವು. ಮೊದಲ ದಾಳಿ ಪೂರ್ತಿ ಫಲಿಸಲಿಲ್ಲ. ಥೋರಟರ ಪಂಜಾಬಿಗಳು 29ರಂದು ಬಯೊನೆಟ್ ಹಿಡಿದು ಮೆಲ್ರೋಸ್ ಏರಿದರು. 31ರಂದು ಜಪಾನಿಯರು ಸರ್ವಶಕ್ತಿಯನ್ನೂ ಹಾಕಿ 170ನೆಯ ಗುಡ್ಡದ ಮೇಲೆ ಮರುದಾಳಿ ಮಾಡಿದರು. ಸ್ಫೋಟಕ ಕಟ್ಟಿದ ಬಿದಿರುಗಳವನ್ನು ಹಿಡಿದು ಬಂದ ಅವರ ಸೈನಿಕರು 19ನೆಯ ಲ್ಯಾನ್ಸರ್ಸ್‌ನ ಟ್ಯಾಂಕುಗಳನ್ನು ಸಿಡಿಸಿದರು. ಅಂದು ಆ ಪುಟ್ಟ ಗುಡ್ಡದ ಸುತ್ತ 300ಕ್ಕೂ ಹೆಚ್ಚು ಜಪಾನಿಯರ ಶವಗಳು ಬಿದ್ದವು. ತಿಮ್ಮಯ್ಯನವರ ಕುಮಾವೂನಿ, ಜಾಟ್, ಅಹೀರ್ ಸೈನಿಕರು ಈ ಗುಡ್ಡಗಾಡಿನ ಕಾಳಗದ ಉದ್ದಕ್ಕೂ ಇದ್ದರು. ಫೆಬ್ರವರಿಯ ಮಧ್ಯದ ಹೊತ್ತಿಗೆ ರಸ್ತೆ ಕಡಿದುಹೋಗಿತ್ತು. ಜಪಾನಿಯರು ಫಿರಂಗಿ, ವಾಹನಗಳನ್ನು ಬಿಟ್ಟು ಬೆಟ್ಟ ಹತ್ತಿದರು. ತಿಮ್ಮಯ್ಯ, ಥೋರಟ್, ಸೇನ್ ಮೂವರಿಗೂ ಡಿ.ಎಸ್.ಒ. ಪದಕ ಲಭಿಸಿತು. ಏಪ್ರಿಲ್‌ನಲ್ಲಿ ತಿಮ್ಮಯ್ಯ, ರಾಮ್ರಿಯನ್ನು ಗೆದ್ದ 26ನೆಯ ಡಿವಿಷನ್ನಿನ 36ನೆಯ ಬ್ರಿಗೇಡಿಗೆ ನಾಯಕರಾದರು. ಆ ಮಹಾಯುದ್ಧದಲ್ಲಿ ರಣರಂಗದ ಬ್ರಿಗೇಡ್ ಒಂದನ್ನು ನಡೆಸಿದ ಭಾರತೀಯ ಅವರೊಬ್ಬರೇ. 25 ಲಕ್ಷ ಜನರ ಸೈನ್ಯದಲ್ಲಿ ಒಬ್ಬರು.

ಇದೇ ತಿಂಗಳುಗಳಲ್ಲಿ ಇನ್ನೂ ಪೂರ್ವಕ್ಕೆ, ಬೂಗನ್‌ವಿಲ್ ದ್ವೀಪದಲ್ಲಿ ಆಸ್ಟ್ರೇಲಿಯದ 3ನೆಯ ಡಿವಿಷನ್ ಇಂಥದೇ ಕೆಸರಿನಲ್ಲಿ, ಇಂಥದೇ ಶತ್ರುವಿನೊಂದಿಗೆ ಸೆಣಸುತ್ತಿತ್ತು. ಅಲ್ಲಿ 500ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತರು. ಸಂಪರ್ಕ ಕಡಿದು ಮೂಲೆಗುಂಪಾಗಿದ್ದ ಜಪಾನಿಯರನ್ನು ಹುಡುಕಿ ಕಾದಾಡುವ ಅಗತ್ಯ ಇತ್ತೇ ಎಂದು ಅವರ ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ ಯುದ್ಧ ಮುಗಿಯುವ ಮೊದಲೇ ಚರ್ಚೆಯಾಯಿತು. ಇಂದಿಗೂ ಅಲ್ಲಿನ ಇತಿಹಾಸಕಾರರು ವಾದಿಸುತ್ತಾರೆ. ನಮ್ಮಲ್ಲಿ ಅರಕಾನಿನ ಬಗ್ಗೆ ಅಂಥ ಚರ್ಚೆ ನಡೆಯಲೇ ಇಲ್ಲ. ಆಸ್ಟ್ರೇಲಿಯದವರಿಗೆ ಅದು ತಮ್ಮ ಯುದ್ಧವಾಗಿತ್ತು. ನಮಗೆ ಅದು ಯಾರದೋ ಯುದ್ಧ, ಸತ್ತವರು ಮಾತ್ರ ನಮ್ಮವರು. ಅರಕಾನಿನ ಕಾಳಗಕ್ಕೆ ಸೈನಿಕ ಉದ್ದೇಶವಿತ್ತೆಂಬುದು ನನ್ನ ಅಭಿಪ್ರಾಯ. ರಾಮ್ರಿ, ಅಕ್ಯಾಬ್‌ಗಳಿಂದ ಹಾರಿದ ವಿಮಾನಗಳಿಲ್ಲದೆ ಮೇ ತಿಂಗಳ ಮಳೆಗೆ ಮೊದಲು ರಂಗೂನು ಸಿಗುವುದು ಕಷ್ಟವಿತ್ತು.

1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನಿಯರು ಮೌಂಟ್‌ಬ್ಯಾಟನ್ನರಿಗೆ ಶರಣಾದಾಗ ಭಾರತದ ಪ್ರತಿನಿಧಿಯಾಗಿ ಅಲ್ಲಿದ್ದವರು ಬ್ರಿಗೇಡಿಯರ್ ತಿಮ್ಮಯ್ಯ. ನಾಲ್ಕು ವರ್ಷಗಳ ಹಿಂದೆ ಅವರು ಬಿಟ್ಟುಬಂದ ಊರು ಅದು, ಅವರ ಬೆಟಾಲಿಯನ್ನಿನ ಉಳಿದವರೂ ಅಣ್ಣನೂ ಸೆರೆಸಿಕ್ಕ ಊರು. ಬಳಿಕ 268ನೆಯ ಬ್ರಿಗೇಡಿನೊಂದಿಗೆ ಅವರು ಜಪಾನಿಗೇ ಹೋದರು. ಅಲ್ಲಿನ ಕಾಮನ್‌ವೆಲ್ತ್ ಪಡೆಯ ಮಹಾದಂಡನಾಯಕರು ಆಸ್ಟ್ರೇಲಿಯದವರು. ಮೊದಲು ನಾರ್ತ್‌ಕಾಟ್, ಆಮೇಲೆ ರಾಬರ್ಟ್‌ಸನ್. ಸೋತ ದೇಶದ ನೆಲದಲ್ಲಿ, ಇನ್ನೂ ಸ್ವತಂತ್ರವಾಗದ ದೇಶದ ಸೈನಿಕರು ವಿಜೇತರಾಗಿ ಕಾವಲು ನಿಂತಿದ್ದರು.

ಅಲ್ಲಿಂದ ಅವರನ್ನು ಕರೆಸಿಕೊಂಡದ್ದು ಗೋಪಾಲಸ್ವಾಮಿ ಅಯ್ಯಂಗಾರ್ ಅವರ ಅಧ್ಯಕ್ಷತೆಯಲ್ಲಿ 1946ರ ಕೊನೆಗೆ ರಚಿತವಾದ ಸಶಸ್ತ್ರ ಪಡೆಗಳ ರಾಷ್ಟ್ರೀಕರಣ ಸಮಿತಿಗೆ. ಬ್ರಿಟಿಷ್ ಅಧಿಕಾರಿಗಳ ಜಾಗಕ್ಕೆ ಭಾರತೀಯರು ಬರಲು ಎಷ್ಟು ಕಾಲ ಬೇಕು ಎಂಬುದೇ ಸಮಿತಿಯ ಮುಂದಿದ್ದ ಪ್ರಶ್ನೆ. ಸಮಿತಿಗಳ ಕೆಲಸವನ್ನು ಹತ್ತಿರದಿಂದ ಕಂಡವನಾಗಿ ಹೇಳುವುದಾದರೆ, ಇಂಥ ಕೋಣೆಗಳಲ್ಲಿ ವಾದಕ್ಕಿಂತ ನಿದರ್ಶನಕ್ಕೆ ತೂಕ ಹೆಚ್ಚು. ಕಾಂಗಾವ್ ಆ ನಿದರ್ಶನ. ಅದನ್ನು ಎದೆಯ ಮೇಲೆ ಧರಿಸಿದ ವ್ಯಕ್ತಿ ಮೇಜಿನ ಎದುರಿಗೇ ಕುಳಿತಿದ್ದರು. ಸಮಿತಿಯ ಕಾಲಾವಧಿಗಳನ್ನು ಮೀರಿ ಇತಿಹಾಸ ಓಡಿತು. 1947ರ ಆಗಸ್ಟ್‌ನಲ್ಲಿ ದೇಶ ಒಡೆಯಿತು, ಪಂಜಾಬ್ ಉರಿಯಿತು, ಅಕ್ಟೋಬರ್‌ನಲ್ಲಿ ಕಾಶ್ಮೀರಕ್ಕೆ ದಾಳಿಯಾಯಿತು.

ಕಾಶ್ಮೀರದ ಕಥೆ ಹೆಚ್ಚು ಪರಿಚಿತವಾದ್ದರಿಂದ ಬೇಗ ಹೇಳುತ್ತೇನೆ. ಶ್ರೀನಗರವನ್ನು ಉಳಿಸಿದ 161ನೆಯ ಬ್ರಿಗೇಡಿನ ನಾಯಕ ಕಾಂಗಾವ್‌ನ ಎಲ್.ಪಿ. ಸೇನ್. 1948ರಲ್ಲಿ ಕಣಿವೆಯ ಡಿವಿಷನ್ನಿಗೆ ತಿಮ್ಮಯ್ಯ ಬಂದರು. ಮೇ ತಿಂಗಳಲ್ಲಿ ಮೆಹರ್ ಸಿಂಗ್ ನಡೆಸಿದ ಡಕೋಟಾದಲ್ಲಿ ಕುಳಿತು, ಸಿಂಧೂ ದಡದಲ್ಲಿ ಅವಸರದಿಂದ ಸಮತಟ್ಟು ಮಾಡಿದ ಪಟ್ಟಿಯ ಮೇಲೆ ಲೇಹ್‌ನಲ್ಲಿ ಇಳಿದರು. ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ದಂಗುಬಡಿಸಿದರು. ಟ್ಯಾಂಕುಗಳಿಗೆ ಬಾಲ್ಟಾಲ್‌ನಿಂದ ದಾರಿ ಕಡಿದವರು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ್ ಸ್ಯಾಪರ್ಸ್. ಯಾರೂ ಬರಲಾರರೆಂದು ಶತ್ರು ನಂಬಿದ ದಾರಿಯಿಂದಲೇ ಬರುವುದು, ಅರಕಾನಿನಲ್ಲಿ ಕಲಿತ ಪಾಠ ಎಂದೇ ನನಗೆ ತೋರುತ್ತದೆ.

ಕೊರಿಯಾದಲ್ಲಿ ಮಾಡಿದ್ದು ನನ್ನ ಪ್ರಕಾರ ಇದಕ್ಕಿಂತ ಕಷ್ಟದ ಕೆಲಸ. 1953ರಲ್ಲಿ ಕದನವಿರಾಮವಾದಾಗ, ತಮ್ಮ ದೇಶಕ್ಕೆ ಹಿಂದಿರುಗಲು ಒಪ್ಪದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಯುದ್ಧಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸಲಾಯಿತು. ತಿಮ್ಮಯ್ಯ ಅದರ ಅಧ್ಯಕ್ಷರು. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ನಾಯಕ ಮತ್ತೆ ಥೋರಟ್. ಭಾರತೀಯರು ತನ್ನ ನೆಲ ಮೆಟ್ಟಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಹಠ ಹಿಡಿದಾಗ ನಮ್ಮ ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಕೈದಿಗಳ ಶಿಬಿರಗಳೊಳಗೇ ಕೊಲೆ, ಬೆದರಿಕೆ. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯ ಇನ್ನೊಂದು ಕಡೆ; ನಿರ್ಣಾಯಕ ಮತ ಭಾರತದ್ದು. ಬಲವಂತದಿಂದ ಯಾರನ್ನೂ ಕಳಿಸಕೂಡದು ಎಂಬ ನಿಲುವಿನಲ್ಲಿ ತಿಮ್ಮಯ್ಯ ಗಟ್ಟಿಯಾಗಿ ನಿಂತರು. ಎರಡೂ ಕಡೆಯವರು ಅವರನ್ನು ಬೈದರು. ಎರಡೂ ಕಡೆ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಕೈದಿಗಳು ಭಾರತೀಯ ಸೈನಿಕರೊಂದಿಗೆ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದರು. 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು.

1957ರ ಮೇ 8ರಂದು ಅವರು ಭೂಸೇನೆಯ ಮುಖ್ಯಸ್ಥರಾದರು. ಮೆನನ್ ಪ್ರಸಂಗದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ರಾಜೀನಾಮೆ ಕೊಟ್ಟದ್ದರಲ್ಲಿ ಅಲ್ಲ, ಹಿಂತೆಗೆದುಕೊಂಡದ್ದರಲ್ಲಿ ಅವರು ಎಡವಿದರು ಎಂಬುದು ನನ್ನ ಅನಿಸಿಕೆ. ನೆಹರೂ ಸಂಸತ್ತಿನಲ್ಲಿ ಆಡಿದ ಮಾತುಗಳಿಂದ ನೊಂದದ್ದು ಅವರೇ. ಮುಖ್ಯವಾದದ್ದು ಬೇರೆ. ಈಶಾನ್ಯ ಗಡಿಯಲ್ಲಿ ಚೀನೀ ಅಪಾಯವನ್ನು ಪೂರ್ವ ಕಮಾಂಡಿನ ಮುಖ್ಯಸ್ಥರಾಗಿದ್ದ ಥೋರಟ್ ಗುರುತಿಸಿ ಯೋಜನೆ ರೂಪಿಸಿದ್ದರು. ತಿಮ್ಮಯ್ಯ ಅದನ್ನು ಬೆಂಬಲಿಸಿದ್ದರು. ತಮ್ಮ ನಂತರ ಥೋರಟರೇ ಬರಲಿ ಎಂಬುದು ಅವರ ಬಯಕೆಯಾಗಿತ್ತು. 1961ರ ಮೇ ತಿಂಗಳಲ್ಲಿ ಅಧಿಕಾರ ಹೋದದ್ದು ಪಿ.ಎನ್. ಥಾಪರ್ ಅವರಿಗೆ. ಸ್ವಂತ ಬಲದಿಂದಷ್ಟೇ ಚೀನಾವನ್ನು ಎದುರಿಸಲು ನಮಗೆ ಸಾಧ್ಯವಿಲ್ಲವೆಂಬ ಅರ್ಥದ ಲೇಖನವೊಂದನ್ನು ತಿಮ್ಮಯ್ಯ 1962ರ ಜುಲೈನಲ್ಲಿ ಸೆಮಿನಾರ್ ಪತ್ರಿಕೆಗೆ ಬರೆದರು. ಮೂರು ತಿಂಗಳಲ್ಲಿ ಯುದ್ಧ ಬಂತು. ಆಗ ಪೂರ್ವ ಕಮಾಂಡಿನ ಹೊಣೆ ಹೊತ್ತಿದ್ದವರು ಕಾಂಗಾವ್‌ನ ಮೂರನೆಯವರಾದ ಸೇನ್. ಒಂದೇ ಬ್ರಿಗೇಡಿನಲ್ಲಿ ಒಟ್ಟಿಗೆ ಗೆದ್ದ ಮೂವರಲ್ಲಿ ಇಬ್ಬರು ಎಚ್ಚರಿಸಿ ಮನೆಯಲ್ಲಿ ಕುಳಿತಿದ್ದರು, ಒಬ್ಬರು ಸೋಲಿನ ಭಾರ ಹೊತ್ತರು. ಸೇನ್ ಅವರ ಬಗ್ಗೆ ಸುಲಭದ ತೀರ್ಪು ಕೊಡಲು ನನಗೆ ಮನಸ್ಸಾಗುವುದಿಲ್ಲ. ಕೆಳಗಿನ ಅಧಿಕಾರಿಯ ಕೈಗೆ ಅಸಾಧ್ಯವಾದ ಆದೇಶ ಬಂದಾಗ ಏನಾಗುತ್ತದೆಂಬುದು ನಾಗರಿಕ ಸೇವೆಯಲ್ಲಿದ್ದವರಿಗೂ ಗೊತ್ತು.

ತಿಮ್ಮಯ್ಯನವರ ಕೊನೆಯ ಕೆಲಸವೂ ದ್ವೀಪವೊಂದರಲ್ಲೇ. 1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್‌ನ ಶಾಂತಿಪಾಲನಾ ಪಡೆಯ ದಂಡನಾಯಕರನ್ನಾಗಿ ಆರಿಸಿತು. ಗ್ರೀಕರು, ತುರ್ಕರ ನಡುವೆ ನಿಂತು ಕಾಯುವ ಆ ಕೆಲಸದಲ್ಲಿರುವಾಗಲೇ 1965ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 59 ವರ್ಷ. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತರಲಾಯಿತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಾಕಾ ಪಟ್ಟಣದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಮಡಿಕೇರಿಯ ಸನ್ನಿ ಸೈಡ್ ಮನೆಯಲ್ಲಿ ಬಹುಕಾಲ ಪ್ರಾದೇಶಿಕ ಸಾರಿಗೆ ಕಚೇರಿ ನಡೆಯುತ್ತಿತ್ತು. ಸೈನಿಕ ವಸ್ತುಸಂಗ್ರಹಾಲಯವಾಗಿ ಅದು ಉದ್ಘಾಟನೆಯಾದದ್ದು 2021ರ ಫೆಬ್ರವರಿಯಲ್ಲಿ, ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ. ಇನ್ನು ಬರ್ಮಾದ ರಣರಂಗಗಳಲ್ಲಿ ಸತ್ತು ಸಮಾಧಿಯೂ ಸಿಗದ ಸೈನಿಕರ ಹೆಸರುಗಳು ರಂಗೂನಿನ ಉತ್ತರಕ್ಕಿರುವ ಟೌಕ್ಯಾನ್ ಸ್ಮಶಾನದ ಕಂಬಗಳ ಮೇಲೆ ಕೆತ್ತಲ್ಪಟ್ಟಿವೆ. ಸುಮಾರು 27,000 ಹೆಸರುಗಳು, ಬಹುಪಾಲು ಭಾರತೀಯರವು.